ಲೇಬಲ್ ಹಚ್ಚದ ಹಕ್ಕಿಗಳು: ಡಾರ್ವಿನ್ ಮಾಡಿದ ಐದು ವರ್ಷದ ಇಂಟರ್ನ್‌ಶಿಪ್

ಆರನೇ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಮ್ಮ ಹಾಸ್ಟೆಲಿನಲ್ಲಿ ಮಾತೆಲ್ಲ ಒಂದೇ. ಇಂಟರ್ನ್‌ಶಿಪ್ ಸಿಕ್ತಾ? ಎಲ್ಲಿ? ಸ್ಟೈಪೆಂಡ್ ಕೊಡ್ತಾರಾ, ಇಲ್ಲ ನಾವೇ ದುಡ್ಡು ಕಟ್ಟಬೇಕಾ? ಸಿವಿಲ್‌ನವರು ಸರ್ವೇ ಕ್ಯಾಂಪಿನಿಂದ ಬಿಸಿಲಿಗೆ ಕಪ್ಪಗಾಗಿ ಬಂದಿರ್ತಾರೆ. ಬಯೋಟೆಕ್‌ನವರು ಯಾವುದೋ ಲ್ಯಾಬಿನಲ್ಲಿ ಒಂದು ತಿಂಗಳು ಗಾಜಿನ ತಟ್ಟೆ ತೊಳೆದು ಬಂದಿರ್ತಾರೆ. ಕೊನೆಗೆ ಎಲ್ಲರ ಕೈಯಲ್ಲೂ ಒಂದು ಸರ್ಟಿಫಿಕೇಟು, ಒಂದು ಸ್ಪೈರಲ್ ಬೈಂಡಿಂಗ್ ರಿಪೋರ್ಟು. ಅದರಲ್ಲಿ ನಿಜವಾಗಿ ಕಲಿತದ್ದೆಷ್ಟು ಅನ್ನೋದು ನಮಗಷ್ಟೇ ಗೊತ್ತು.

ಈ ಸಂಚಿಕೆಗೆ ಯಾರ ಜೀವನ ಬರೆಯೋಣ ಅಂತ ಕೂತಾಗ ಮೊದಲು ಬಂದ ಹೆಸರುಗಳೆಲ್ಲ ಎಂಜಿನಿಯರುಗಳದ್ದೇ. ಕೊನೆಗೆ ಉಳಿದದ್ದು ಮಾತ್ರ ಒಬ್ಬ ಜೀವವಿಜ್ಞಾನಿಯ ಹೆಸರು. ಒಂದು ಕೋರ್ಸನ್ನು ಅರ್ಧಕ್ಕೆ ಬಿಟ್ಟು, ಇನ್ನೊಂದನ್ನು ಹೇಗೋ ಮುಗಿಸಿ, 22ನೇ ವಯಸ್ಸಿಗೆ ಸಂಬಳವಿಲ್ಲದ ಕೆಲಸಕ್ಕೆಂದು ಹಡಗು ಹತ್ತಿದ ಹುಡುಗ ಅವನು. ಚಾರ್ಲ್ಸ್ ಡಾರ್ವಿನ್. ಉದ್ದ ಗಡ್ಡದ ಮುದುಕನ ಚಿತ್ರವನ್ನು ನಾವೆಲ್ಲ ಹೈಸ್ಕೂಲ್ ಪುಸ್ತಕದಲ್ಲಿ ನೋಡಿದ್ದೇವೆ. ಇಲ್ಲಿ ಹೇಳಹೊರಟಿರೋದು ಆ ಗಡ್ಡ ಬರೋದಕ್ಕೆ ಮುಂಚಿನ ಕಥೆ. ಆಗ ಅವನು ನಮ್ಮ ವಯಸ್ಸಿನವನೇ ಆದ್ದರಿಂದ ಏಕವಚನದಲ್ಲೇ ಕರೆಯುತ್ತೇವೆ, ದೊಡ್ಡವರು ಬೇಜಾರು ಮಾಡ್ಕೋಬಾರದು.

ಡಾಕ್ಟರ ಮಗ

ಚಾರ್ಲ್ಸ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ತಂದೆ ರಾಬರ್ಟ್ ಡಾರ್ವಿನ್ ಊರಿಗೇ ಹೆಸರಾದ ಡಾಕ್ಟರು. ಅಜ್ಜ ಎರಾಸ್ಮಸ್ ಡಾರ್ವಿನ್ ಕೂಡ ಡಾಕ್ಟರೇ. ತಾಯಿ ಸುಸಾನಾ ತೀರಿಕೊಂಡಾಗ ಚಾರ್ಲ್ಸ್‌ಗೆ ಎಂಟು ವರ್ಷ. ಸ್ಕೂಲಿನಲ್ಲಿ ಲ್ಯಾಟಿನ್, ಗ್ರೀಕ್ ಬಾಯಿಪಾಠ. ಇವತ್ತು ಕಂಠಪಾಠ ಮಾಡಿದ ಪದ್ಯ ಎರಡು ದಿನಕ್ಕೆ ತಲೆಯಿಂದ ಮಾಯ. ಆದರೆ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಅಣ್ಣನ ಜೊತೆ ಸೇರಿ ಮಾಡುತ್ತಿದ್ದ ರಸಾಯನಶಾಸ್ತ್ರದ ಪ್ರಯೋಗಗಳು ಮಾತ್ರ ಚೆನ್ನಾಗಿ ನೆನಪಿರುತ್ತಿದ್ದವು. ಗೆಳೆಯರು ಅವನಿಗೆ ಗ್ಯಾಸ್ ಅಂತಲೇ ಅಡ್ಡಹೆಸರಿಟ್ಟಿದ್ದರು. ಹೆಡ್‌ಮಾಸ್ಟರು ಎಲ್ಲರೆದುರು ಬೈದರು, ಇಂಥ ಕೆಲಸಕ್ಕೆ ಬಾರದ ವಿಷಯಕ್ಕೆ ಹೊತ್ತು ಕಳೀತಾನೆ ಅಂತ.

ಓದಿನಲ್ಲಿ ಮಗ ಮೇಲೇಳೋದಿಲ್ಲ ಅನ್ನೋದು ಅಪ್ಪನಿಗೆ ಬೇಗ ಅರ್ಥವಾಯಿತು. 1825ರ ಬೇಸಿಗೆಯಲ್ಲಿ, 16 ವರ್ಷದ ಹುಡುಗನನ್ನು ತಮ್ಮ ಜೊತೆಗೇ ಕೆಲಸಕ್ಕೆ ಹಾಕಿಕೊಂಡರು. ಊರಿನ ಬಡ ರೋಗಿಗಳನ್ನು, ಅದರಲ್ಲೂ ಹೆಂಗಸರು ಮಕ್ಕಳನ್ನು, ಚಾರ್ಲ್ಸ್ ಹೋಗಿ ನೋಡಿ ಬರಬೇಕು. ಲಕ್ಷಣಗಳನ್ನೆಲ್ಲ ಬರೆದುಕೊಂಡು ಬಂದು ಅಪ್ಪನಿಗೆ ಓದಿ ಹೇಳಬೇಕು. ಅವರು ಇನ್ನೇನು ಕೇಳಬೇಕು ಅಂತ ತಿಳಿಸಿ ಔಷಧಿ ಹೇಳುತ್ತಾರೆ, ಇವನು ಅದನ್ನು ತಾನೇ ತಯಾರು ಮಾಡಿ ಕೊಡಬೇಕು. ಒಂದು ಹಂತದಲ್ಲಿ ಹನ್ನೆರಡರಷ್ಟು ರೋಗಿಗಳು ಅವನ ಕೈಯಲ್ಲಿದ್ದರು. ಅವನಿಗೆ ಈ ಕೆಲಸ ಇಷ್ಟವೂ ಆಯಿತು. ಎದುರಿಗಿರುವುದನ್ನು ನೋಡು, ಬರಿ, ಗೊತ್ತಿದ್ದವರಿಗೆ ತೋರಿಸು: ಅವನ ಮೊದಲ ಪ್ರಾಕ್ಟಿಕಲ್ ಕ್ಲಾಸ್ ಇದೇ.

ಎಡಿನ್‌ಬರೋ: ಬಿಟ್ಟುಹೋದ ಕೋರ್ಸು

ಅದೇ ವರ್ಷ ಅಕ್ಟೋಬರಿನಲ್ಲಿ ವೈದ್ಯಕೀಯ ಓದಲು ಎಡಿನ್‌ಬರೋಗೆ ಕಳಿಸಿದರು. ಅಲ್ಲಿನ ಲೆಕ್ಚರುಗಳು ನಿದ್ದೆ ಬರಿಸುವಂಥವು. ಆಪರೇಷನ್ ಥಿಯೇಟರಿಗೆ ಎರಡು ಸಲ ಹೋದ. ಅರಿವಳಿಕೆ ಇನ್ನೂ ಬಂದಿರದ ಕಾಲ. ಒಂದು ಆಪರೇಷನ್ ಸಣ್ಣ ಮಗುವಿಗೆ ನಡೆಯುತ್ತಿತ್ತು. ಮುಗಿಯೋ ತನಕ ನಿಲ್ಲಲಾಗದೆ ಎದ್ದು ಓಡಿದ, ಮತ್ತೆ ಆ ಕಡೆ ಕಾಲಿಡಲಿಲ್ಲ. ಡಾಕ್ಟರಾಗುವ ಆಸೆ ಅಲ್ಲಿಗೇ ಮುಗಿದಿತ್ತು, ಅಪ್ಪನಿಗೆ ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ. ಈ ಸ್ಥಿತಿ ನಮ್ಮ ಓದುಗರಲ್ಲಿ ಕೆಲವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಕ್ಲಾಸಿನ ಹೊರಗೆ ಇಬ್ಬರು ಗುರುಗಳು ಸಿಕ್ಕಿದರು. ಮೊದಲನೆಯವರು ಜಾನ್ ಎಡ್ಮನ್‌ಸ್ಟನ್. ದಕ್ಷಿಣ ಅಮೆರಿಕದ ಗಯಾನಾದಲ್ಲಿ ಗುಲಾಮರಾಗಿದ್ದು, ಬಿಡುಗಡೆಯಾಗಿ ಸ್ಕಾಟ್ಲೆಂಡಿಗೆ ಬಂದಿದ್ದ ಕಪ್ಪು ಮನುಷ್ಯ. ಎಡಿನ್‌ಬರೋದಲ್ಲಿ ಸತ್ತ ಹಕ್ಕಿಗಳ ತೊಗಲು ಬಿಡಿಸಿ, ಕೊಳೆಯದ ಹಾಗೆ ಹದ ಮಾಡಿ, ಒಳಗೆ ತುಂಬಿ ಜೀವಂತ ಕಾಣುವಂತೆ ನಿಲ್ಲಿಸುವ ಕೆಲಸ ಮಾಡಿಕೊಂಡಿದ್ದರು. ಚಾರ್ಲ್ಸ್ ಅವರ ಹತ್ತಿರ ಒಂದು ಗಿನಿ ಫೀಸ್ ಕೊಟ್ಟು, ದಿನಕ್ಕೆ ಒಂದು ಗಂಟೆಯಂತೆ ಎರಡು ತಿಂಗಳು ಕಲಿತ. ಯೂನಿವರ್ಸಿಟಿಯ ಅಂಕಪಟ್ಟಿಯಲ್ಲಿ ಈ ಕೋರ್ಸಿನ ಹೆಸರಿಲ್ಲ. ಆದರೆ ಮುಂದೆ ಬೀಗಲ್ ಹಡಗಿನಿಂದ ಅವನು ಕಳಿಸಿದ ಒಂದೊಂದು ಹಕ್ಕಿಯ ಹಿಂದೆಯೂ ಇದ್ದದ್ದು ಈ ಮೇಷ್ಟ್ರ ಕೈಪಾಠ.

ಎರಡನೆಯವರು ರಾಬರ್ಟ್ ಗ್ರಾಂಟ್, ಕಡಲ ಜೀವಿಗಳ ಹುಚ್ಚು ಹಿಡಿಸಿಕೊಂಡ ಪ್ರಾಣಿವಿಜ್ಞಾನಿ. ಅವರ ಜೊತೆ ಚಾರ್ಲ್ಸ್ ಕಡಲು ಇಳಿದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಂತ ನೀರಲ್ಲಿ ಕೈಯಾಡಿಸುತ್ತಿದ್ದ. ಸಿಂಪಿ ಹಿಡಿಯುವ ಬೆಸ್ತರ ದೋಣಿಯಲ್ಲಿ ಹೋಗಿ ಬಲೆಗೆ ಬಿದ್ದದ್ದನ್ನೆಲ್ಲ ಆರಿಸಿ ತಂದು ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಿದ್ದ. 1827ರ ಮಾರ್ಚಿನಲ್ಲಿ ವಿದ್ಯಾರ್ಥಿಗಳ ಪ್ಲಿನಿಯನ್ ಸೊಸೈಟಿಯ ಮುಂದೆ ಎರಡು ಪುಟ್ಟ ಸಂಗತಿ ಹೇಳಿದ. ಫ್ಲಸ್ಟ್ರಾ ಅನ್ನೋ ಕಡಲ ಜೀವಿಯ ಮೊಟ್ಟೆ ಅಂದುಕೊಂಡಿದ್ದವು ತಾವೇ ಈಜಾಡುವ ಮರಿಗಳು. ಸಿಂಪಿಯ ಚಿಪ್ಪುಗಳಲ್ಲಿ ಕಾಣುವ ಕರಿ ಚುಕ್ಕೆಗಳು ಒಂದು ಬಗೆಯ ಜಿಗಣೆಯ ಮೊಟ್ಟೆಗಳು. ಆಗ ಅವನಿಗೆ 18 ವರ್ಷ. ಅದೇ ವರ್ಷ ಡಿಗ್ರಿ ಇಲ್ಲದೆ ಎಡಿನ್‌ಬರೋ ಬಿಟ್ಟ.

ಕೇಂಬ್ರಿಡ್ಜ್: ಜೀರುಂಡೆ ಮತ್ತು ಹೆನ್ಸ್‌ಲೋ

ಡಾಕ್ಟರು ಆಗದಿದ್ದರೆ ಪಾದ್ರಿಯಾದರೂ ಆಗಲಿ ಅಂತ ಅಪ್ಪ ಕೇಂಬ್ರಿಡ್ಜಿಗೆ ಕಳಿಸಿದರು. 1828ರ ಆರಂಭದಲ್ಲಿ ಕ್ರೈಸ್ಟ್ಸ್ ಕಾಲೇಜು ಸೇರಿದ. ಅಲ್ಲಿ ಹಿಡಿದದ್ದು ಜೀರುಂಡೆಯ ಹುಚ್ಚು. ಒಂದು ದಿನ ಮರದ ತೊಗಟೆ ಕಿತ್ತಾಗ ಎರಡು ಅಪರೂಪದ ಜೀರುಂಡೆ ಕಂಡವು, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದ. ಅಷ್ಟರಲ್ಲಿ ಮೂರನೆಯದು ಕಾಣಿಸಬೇಕೇ! ಬಿಡೋಕೆ ಮನಸ್ಸಿಲ್ಲ, ಬಲಗೈಯಲ್ಲಿದ್ದದ್ದನ್ನು ಬಾಯಿಗೆ ಹಾಕಿಕೊಂಡ. ಅದು ನಾಲಿಗೆ ಸುಡುವ ರಸ ಬಿಟ್ಟಿತು. ಉಗುಳಿದ, ಆ ಜೀರುಂಡೆಯೂ ಹೋಯ್ತು, ಮೂರನೆಯದೂ ಹೋಯ್ತು. ಈ ಪೇಚಾಟವನ್ನು ಮುದುಕನಾದ ಮೇಲೆ ಅವನೇ ಬರೆದಿಟ್ಟಿದ್ದಾನೆ.

ಈ ಹುಚ್ಚನ್ನು ಒಂದು ಶಿಸ್ತಿಗೆ ತಂದವರು ಸಸ್ಯವಿಜ್ಞಾನದ ಪ್ರೊಫೆಸರ್ ಜಾನ್ ಹೆನ್ಸ್‌ಲೋ. ಅವರ ಕ್ಲಾಸು ಕೋಣೆಯೊಳಗೆ ಮುಗಿಯುತ್ತಿರಲಿಲ್ಲ. ವಿದ್ಯಾರ್ಥಿಗಳನ್ನು ಕಾಲ್ನಡಿಗೆಯಲ್ಲಿ, ಕುದುರೆಗಾಡಿಯಲ್ಲಿ, ಕೆಲವೊಮ್ಮೆ ನದಿಯ ದೋಣಿಯಲ್ಲಿ ಕೇಂಬ್ರಿಡ್ಜ್ ಸುತ್ತಲಿನ ಜೌಗು ಬಯಲಿಗೆ ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಸಿಕ್ಕ ಗಿಡ, ಹುಳ, ಚಿಪ್ಪು ಯಾವುದಾದರೂ ಸರಿ, ನಿಂತು ಪಾಠ. ಶುಕ್ರವಾರ ಸಂಜೆ ಅವರ ಮನೆ ಬಾಗಿಲು ವಿದ್ಯಾರ್ಥಿಗಳಿಗೆ ತೆರೆದಿರುತ್ತಿತ್ತು. ಚಾರ್ಲ್ಸ್ ಎಷ್ಟರಮಟ್ಟಿಗೆ ಅಂಟಿಕೊಂಡನೆಂದರೆ, ಕೆಲವು ಮೇಷ್ಟ್ರುಗಳಿಗೆ ಅವನ ಗುರುತೇ ಹೆನ್ಸ್‌ಲೋ ಜೊತೆ ವಾಕಿಂಗ್ ಹೋಗುವ ಹುಡುಗ ಅಂತ.

1831ರ ಜನವರಿಯಲ್ಲಿ ಪರೀಕ್ಷೆ ಮುಗಿಯಿತು. ಆನರ್ಸ್ ಇಲ್ಲದ ಸಾಮಾನ್ಯ ಪದವಿಯ 178 ಜನರಲ್ಲಿ 10ನೇ ಸ್ಥಾನ, ಅವನಿಗೇ ಆಶ್ಚರ್ಯ. ಹುಂಬೋಲ್ಟ್ ಅವರ ಪ್ರವಾಸಕಥನ ಓದಿ ತಾನೂ ಟೆನೆರೀಫ್ ದ್ವೀಪಕ್ಕೆ ಹೋಗಬೇಕು ಅಂತ ಸ್ಪ್ಯಾನಿಷ್ ಕಲಿಯಲು ಕೂತ. ಹೆನ್ಸ್‌ಲೋ ಅದಕ್ಕೂ ಒಂದು ಷರತ್ತಿನಂಥ ಸಲಹೆ ಕೊಟ್ಟರು: ಹೋಗೋ ಮುಂಚೆ ಕಲ್ಲುಮಣ್ಣು ಓದೋದನ್ನು ಕಲಿ.

ಮೂರು ವಾರದ ಟ್ರೈನಿಂಗ್

ಹಾಗೆ 1831ರ ಆಗಸ್ಟಿನಲ್ಲಿ ಭೂವಿಜ್ಞಾನದ ಪ್ರೊಫೆಸರ್ ಆಡಮ್ ಸೆಜ್‌ವಿಕ್ ಜೊತೆ ಉತ್ತರ ವೇಲ್ಸ್‌ಗೆ ಹೊರಟ. ಹೊರಡುವ ಮುನ್ನ ಶ್ರೂಸ್‌ಬರಿಯ ಮನೆಯಲ್ಲಿ ಒಂದು ಪ್ರಸಂಗ. ಅಲ್ಲಿನ ಜಲ್ಲಿ ಗುಂಡಿಯಲ್ಲಿ ಒಬ್ಬ ಕೂಲಿಯವನಿಗೆ ಉಷ್ಣವಲಯದ ದೊಡ್ಡ ಶಂಖವೊಂದು ಸಿಕ್ಕಿದೆ ಅಂತ ಚಾರ್ಲ್ಸ್ ಉತ್ಸಾಹದಿಂದ ಹೇಳಿದ. ಸೆಜ್‌ವಿಕ್ ತಣ್ಣಗೆ, ಯಾರೋ ಎಸೆದಿರಬೇಕು ಅಂದುಬಿಟ್ಟರು. ಅದು ನಿಜವಾಗಿ ಅಲ್ಲಿನದ್ದೇ ಆಗಿದ್ದರೆ ಆ ಸೀಮೆಯ ಭೂವಿಜ್ಞಾನವೇ ತಲೆಕೆಳಗಾಗುತ್ತಿತ್ತು ಅನ್ನೋದು ಅವರ ವಾದ. ಹುಡುಗನಿಗೆ ಅಚ್ಚರಿ, ಇಷ್ಟು ಅದ್ಭುತವಾದ್ದಕ್ಕೆ ಇವರು ಕುಣಿಯಲಿಲ್ಲವಲ್ಲ ಅಂತ. ಒಂದೇ ಒಂದು ಡೇಟಾ ಪಾಯಿಂಟ್ ಇಟ್ಟುಕೊಂಡು ಗ್ರಾಫ್ ಎಳೆಯಬಾರದು ಅನ್ನೋ ಪಾಠ ಅವತ್ತು ತಲೆಗೆ ಹತ್ತಿತು.

ವೇಲ್ಸ್‌ನಲ್ಲಿ ಸೆಜ್‌ವಿಕ್ ಅವನನ್ನು ತಮಗೆ ಸಮಾನಾಂತರವಾದ ಬೇರೆ ದಾರಿಯಲ್ಲಿ ಕಳಿಸುತ್ತಿದ್ದರು. ಕಲ್ಲಿನ ಮಾದರಿ ತರಬೇಕು, ಪದರಗಳ ವಾಲಿಕೆಯನ್ನು ನಕ್ಷೆಯಲ್ಲಿ ಗುರುತಿಸಬೇಕು. ಆಮೇಲೆ ಅವನು ಒಬ್ಬನೇ ದಿಕ್ಸೂಚಿ, ನಕ್ಷೆ ಹಿಡಿದು ಬೆಟ್ಟ ದಾಟಿ ಬಾರ್ಮತ್ ತನಕ ನಡೆದ. ಮೂರೇ ವಾರ, ಆದರೆ ಒಬ್ಬನೇ ಒಂದು ಸೀಮೆಯನ್ನು ಓದಬಲ್ಲೆ ಅನ್ನೋ ಧೈರ್ಯ ಬಂತು.

ಇಲ್ಲೇ ಇನ್ನೊಂದು ಸಂಗತಿ ಇದೆ. ಕುಮ್ ಇದ್ವಾಲ್ ಅನ್ನೋ ಕಣಿವೆಯಲ್ಲಿ ಗುರುಶಿಷ್ಯರಿಬ್ಬರೂ ಗಂಟೆಗಟ್ಟಲೆ ಬಂಡೆಗಳಲ್ಲಿ ಪಳೆಯುಳಿಕೆ ಹುಡುಕಿದರು. ಆ ಕಣಿವೆಯನ್ನು ಕೊರೆದದ್ದೇ ಹಿಮನದಿ. ಗೀರುಬಿದ್ದ ಬಂಡೆ, ಒಂದರ ಮೇಲೊಂದು ಕೂತ ಕಲ್ಲು, ಸಾಲು ದಿಬ್ಬ ಎಲ್ಲ ಕಣ್ಣೆದುರಿಗೇ ಇತ್ತು. ಇಬ್ಬರಿಗೂ ಕಾಣಲಿಲ್ಲ, ಯಾಕಂದ್ರೆ ಹಿಮಯುಗದ ಕಲ್ಪನೆಯೇ ಆಗ ಅವರಿಗಿರಲಿಲ್ಲ. 1842ರಲ್ಲಿ ಮತ್ತೆ ಅಲ್ಲಿಗೆ ಹೋದಾಗ ಎಲ್ಲ ಸ್ಪಷ್ಟವಾಗಿ ಕಂಡಿತು, ಮೊದಲು ಹೇಗೆ ತಪ್ಪಿಸಿಕೊಂಡಿತು ಅಂತ ಅವನೇ ಬೆರಗಾದ. ಫೀಲ್ಡಿಗೆ ಹೋದ ಮಾತ್ರಕ್ಕೆ ಎಲ್ಲ ಕಂಡುಬಿಡೋದಿಲ್ಲ, ತಲೆಯಲ್ಲಿ ಪ್ರಶ್ನೆ ಇದ್ದರೇ ಕಣ್ಣಿಗೆ ಕೆಲಸ.

ಆಫರ್ ಲೆಟರ್

ಆಗಸ್ಟ್ 29ರಂದು ಮನೆಗೆ ಬಂದರೆ ಹೆನ್ಸ್‌ಲೋ ಅವರ ಕಾಗದ ಕಾಯುತ್ತಿತ್ತು. ದಕ್ಷಿಣ ಅಮೆರಿಕದ ಕರಾವಳಿಯ ಸರ್ವೇಗೆ ಬೀಗಲ್ ಅನ್ನೋ ನೌಕಾಪಡೆಯ ಹಡಗು ಹೊರಡುತ್ತಿದೆ. ಕ್ಯಾಪ್ಟನ್ ರಾಬರ್ಟ್ ಫಿಟ್ಜ್‌ರಾಯ್‌ಗೆ ಊಟಕ್ಕೆ, ಮಾತಿಗೆ ಜೊತೆಯಾಗಬಲ್ಲ, ಪ್ರಕೃತಿ ಬಲ್ಲ ಒಬ್ಬ ಯುವಕ ಬೇಕು. ಹೆನ್ಸ್‌ಲೋ ತಾವೇ ಹೋಗೋಣ ಅಂದುಕೊಂಡು ಬಿಟ್ಟಿದ್ದರು, ಇನ್ನೊಬ್ಬರೂ ಒಲ್ಲೆ ಅಂದಿದ್ದರು. ಚಾರ್ಲ್ಸ್ ಇನ್ನೂ ಪರಿಣತನಲ್ಲ, ಆದರೆ ಸಂಗ್ರಹಿಸಿ, ಗಮನಿಸಿ, ಬರೆದಿಡಬಲ್ಲ ಅಂತ ಅವರು ಶಿಫಾರಸು ಮಾಡಿದ್ದರು. ಸಂಬಳ ಇಲ್ಲ. ಉಪಕರಣ, ಊಟದ ಖರ್ಚು ಎಲ್ಲ ಮನೆಯಿಂದಲೇ.

ಅಪ್ಪ ಒಪ್ಪಲಿಲ್ಲ. ಪಾದ್ರಿಯಾಗೋ ಹುಡುಗನಿಗೆ ಇದು ಶೋಭೆಯಲ್ಲ, ಮತ್ತೊಮ್ಮೆ ದಾರಿ ಬದಲಿಸಿದ ಹಾಗಾಗುತ್ತೆ, ಬೇರೆಯವರು ಬೇಡ ಅಂದ ಕೆಲಸದಲ್ಲಿ ಏನೋ ಐಬಿರಬೇಕು. ಆದರೆ ಒಂದು ಬಾಗಿಲು ತೆರೆದಿಟ್ಟರು, ತಿಳಿವಳಿಕೆಯುಳ್ಳ ಒಬ್ಬರಾದರೂ ಹೋಗು ಅಂದರೆ ಆಗಲಿ ಅಂತ. ಚಾರ್ಲ್ಸ್ ಹೆನ್ಸ್‌ಲೋಗೆ ಆಗಲ್ಲ ಅಂತ ಕಾಗದ ಬರೆದು, ಸೋದರಮಾವ ಜೋಸಯಾ ವೆಜ್‌ವುಡ್ ಮನೆಗೆ ಬೇಟೆಗೆ ಹೋದ. ಮಾವನಿಗೆ ವಿಷಯ ತಿಳಿಯಿತು. ಅಪ್ಪನ ಎಂಟು ಆಕ್ಷೇಪಣೆಗಳನ್ನು ಪಟ್ಟಿ ಮಾಡಿಸಿ, ಒಂದೊಂದಕ್ಕೂ ಉತ್ತರ ಬರೆದು ಕಳಿಸಿದರು. ಅಷ್ಟಕ್ಕೇ ನಿಲ್ಲದೆ ಮರುದಿನ ಅಳಿಯನನ್ನು ಗಾಡಿಯಲ್ಲಿ ಕೂರಿಸಿಕೊಂಡು ತಾವೇ ಬಂದರು. ಅಪ್ಪ ಮಣಿದರು, ದುಡ್ಡೂ ಕೊಟ್ಟರು.

ಇಂಟರ್‌ವ್ಯೂನಲ್ಲಿ ಇನ್ನೊಂದು ತೊಡಕು. ಮುಖ ನೋಡಿ ಗುಣ ಹೇಳೋ ಶಾಸ್ತ್ರದಲ್ಲಿ ನಂಬಿಕೆಯಿದ್ದ ಫಿಟ್ಜ್‌ರಾಯ್‌ಗೆ ಚಾರ್ಲ್ಸ್ ಮೂಗು ಹಿಡಿಸಲಿಲ್ಲ. ಇಂಥ ಮೂಗಿನವನಿಗೆ ದೂರಪ್ರಯಾಣದ ಗಟ್ಟಿತನ ಇರೋದಿಲ್ಲ ಅನ್ನಿಸಿತಂತೆ. ಮೂಗು ಸುಳ್ಳು ಹೇಳಿತ್ತು ಅನ್ನೋದು ಕ್ಯಾಪ್ಟನ್‌ಗೂ ಆಮೇಲೆ ಗೊತ್ತಾಯಿತು.

ಹಡಗು

1831ರ ಡಿಸೆಂಬರ್ 27ರಂದು ಬೀಗಲ್ ಹೊರಟಿತು. ಉದ್ದ ಸುಮಾರು 90 ಅಡಿ, ನಮ್ಮ ಕಾಲೇಜು ಬಸ್ ಎರಡನ್ನು ಹಿಂದೆ ಮುಂದೆ ನಿಲ್ಲಿಸಿದರೆ ಹತ್ತಿರ ಹತ್ತಿರ ಅಷ್ಟೇ. ಅದರಲ್ಲಿ 70ಕ್ಕೂ ಹೆಚ್ಚು ಜನ. ಹಡಗಿನ ಅಸಲಿ ಕೆಲಸ ನಮ್ಮ ಸಿವಿಲ್‌ನವರಿಗೆ ಗೊತ್ತಿರೋದೇ: ಕರಾವಳಿಯ ಸರ್ವೇ ಮತ್ತು ರೇಖಾಂಶದ ಅಳತೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಮನೆಯ ಗಡಿಯಾರಕ್ಕೂ ಸ್ಥಳೀಯ ಮಧ್ಯಾಹ್ನಕ್ಕೂ ಇರೋ ವ್ಯತ್ಯಾಸ ಗೊತ್ತಾದರೆ ರೇಖಾಂಶ ಸಿಗುತ್ತೆ. ಗಡಿಯಾರ ತಪ್ಪಿದರೆ ಎಲ್ಲವೂ ತಪ್ಪು. ಅದಕ್ಕೇ ಬೀಗಲ್‌ನಲ್ಲಿ 22 ಕ್ರೋನೋಮೀಟರ್ ಇದ್ದವು. ಚಾರ್ಲ್ಸ್ ಮಲಗುತ್ತಿದ್ದದ್ದು ನಕ್ಷೆ ಬರೆಯೋ ಮೇಜಿನ ಮೇಲೆ ಕಟ್ಟಿದ ತೂಗುಹಾಸಿಗೆಯಲ್ಲಿ. ಹುಡುಗ ಎತ್ತರ, ಕೋಣೆ ಗಿಡ್ಡ, ಕಾಲು ಚಾಚಲು ಗೋಡೆಯ ಡ್ರಾಯರ್ ಒಂದನ್ನು ತೆಗೆದಿಡಬೇಕಾಗುತ್ತಿತ್ತು.

ಮೊದಲ ದಿನದಿಂದಲೇ ವಾಂತಿ. ಐದು ವರ್ಷವಾದರೂ ಆ ಹೊಟ್ಟೆ ತೊಳಸುವಿಕೆ ಅವನನ್ನು ಬಿಡಲಿಲ್ಲ. ಬಹುಶಃ ಅದೂ ಒಳ್ಳೇದೇ ಆಯಿತು. ಅವಕಾಶ ಸಿಕ್ಕಾಗಲೆಲ್ಲ ನೆಲಕ್ಕಿಳಿಯುತ್ತಿದ್ದ. ಹೆಚ್ಚುಕಡಿಮೆ ಐದು ವರ್ಷದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಅವನು ಕಳೆದದ್ದು ನೆಲದ ಮೇಲೆಯೇ.

ಬಾಸ್ ಜೊತೆ ಒಂದೇ ಮೇಜಿನಲ್ಲಿ ಐದು ವರ್ಷ ಊಟ ಮಾಡೋದು ಸುಲಭವಲ್ಲ. ಬ್ರೆಜಿಲ್‌ನಲ್ಲಿ ಗುಲಾಮಗಿರಿಯ ಬಗ್ಗೆ ಮಾತು ಬಂತು. ಒಬ್ಬ ಜಮೀನುದಾರ ತನ್ನ ಗುಲಾಮರನ್ನು ಕರೆದು ಬಿಡುಗಡೆ ಬೇಕಾ ಅಂತ ಕೇಳಿದಾಗ ಎಲ್ಲರೂ ಬೇಡ ಅಂದರು ಅಂತ ಫಿಟ್ಜ್‌ರಾಯ್ ಹೇಳಿದರು. ಯಜಮಾನನ ಎದುರಿಗೆ ಕೊಟ್ಟ ಉತ್ತರಕ್ಕೆ ಏನು ಬೆಲೆ ಅಂತ ಚಾರ್ಲ್ಸ್ ಕೇಳಿಬಿಟ್ಟ. ಕ್ಯಾಪ್ಟನ್ ಕೆಂಡವಾದರು, ಇನ್ನು ಜೊತೆಯಲ್ಲಿ ಇರಲಾಗದು ಅಂದರು. ಕೆಲವೇ ಗಂಟೆಗಳಲ್ಲಿ ಅವರೇ ಕ್ಷಮೆ ಕೇಳಿ ಕಳಿಸಿದರು. ಹಕ್ಕಿ ಹದ ಮಾಡೋದನ್ನು ಎಡ್ಮನ್‌ಸ್ಟನ್ ಅವರಿಂದ ಕಲಿತ ಹುಡುಗನಿಗೆ ಈ ವಿಷಯದಲ್ಲಿ ಸುಮ್ಮನಿರೋಕೆ ಆಗದಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಮೂಳೆ, ಭೂಕಂಪ, ಬೆಟ್ಟದ ಮೇಲಿನ ಚಿಪ್ಪು

ಫೀಲ್ಡ್ ಕೆಲಸ ಹೇಗಿತ್ತು? 1832ರ ಸೆಪ್ಟೆಂಬರಿನಲ್ಲಿ ಅರ್ಜೆಂಟೀನಾದ ಪುಂಟಾ ಆಲ್ಟಾದಲ್ಲಿ ಕಡಲ ದಂಡೆಯ ಮಣ್ಣಿನಿಂದ ದೈತ್ಯ ಮೂಳೆಗಳು ಸಿಕ್ಕವು, ಅಳಿದುಹೋದ ಆನೆ ಗಾತ್ರದ ಪ್ರಾಣಿಗಳವು. 1833ರಲ್ಲಿ ಉರುಗ್ವೆಯ ಒಂದು ತೋಟದಲ್ಲಿ ಟಾಕ್ಸೋಡಾನ್ ಅನ್ನೋ ಪ್ರಾಣಿಯ ತಲೆಬುರುಡೆಯನ್ನು 18 ಪೆನ್ಸ್ ಕೊಟ್ಟು ಕೊಂಡ. ಹುಡುಗರು ಅದನ್ನು ಗುರಿಯಾಗಿಟ್ಟು ಕಲ್ಲು ಹೊಡೆದು ಹಲ್ಲು ಉದುರಿಸಿದ್ದರು. ಅದೃಷ್ಟಕ್ಕೆ, ಸುಮಾರು 180 ಮೈಲಿ ದೂರದ ನದಿ ದಂಡೆಯಲ್ಲಿ ಅವನಿಗೆ ಸಿಕ್ಕಿದ್ದ ಒಂದು ಹಲ್ಲು ಆ ಬುರುಡೆಯ ಗೂಡಿಗೆ ಸರಿಯಾಗಿ ಕೂತಿತು.

ಪೆಟಗೋನಿಯಾದಲ್ಲಿ ಆಸ್ಟ್ರಿಚ್ ಥರದ ರಿಯಾ ಹಕ್ಕಿಯ ಒಂದು ಚಿಕ್ಕ ಜಾತಿ ಇದೆ ಅಂತ ಅಲ್ಲಿನ ಕುದುರೆ ಸವಾರರು ಹೇಳಿದ್ದರು. ಚಾರ್ಲ್ಸ್ ತಿಂಗಳುಗಟ್ಟಲೆ ಹುಡುಕಿದ. ಒಂದು ದಿನ ಹಡಗಿನ ಚಿತ್ರಕಾರರು ಒಂದು ರಿಯಾ ಹೊಡೆದು ತಂದರು. ದೊಡ್ಡ ಜಾತಿಯ ಮರಿ ಇರಬೇಕು ಅಂದುಕೊಂಡು ಎಲ್ಲರೂ ಬೇಯಿಸಿ ತಿಂದರು. ಊಟ ಮುಗಿಯೋ ಹೊತ್ತಿಗೆ ಅವನಿಗೆ ಹೊಳೆಯಿತು, ತಿಂದದ್ದು ತಾನು ಹುಡುಕುತ್ತಿದ್ದ ಹಕ್ಕಿಯನ್ನೇ! ತಲೆ, ಕತ್ತು, ಕಾಲು, ರೆಕ್ಕೆ, ಚರ್ಮದ ಬಹುಭಾಗ ಉಳಿದಿತ್ತು. ಅಷ್ಟನ್ನೇ ಕಟ್ಟಿ ಲಂಡನ್ನಿಗೆ ಕಳಿಸಿದ.

1835ರ ಫೆಬ್ರವರಿ 20ರಂದು ಚಿಲಿಯ ವಾಲ್ಡಿವಿಯಾ ಬಳಿ ಕಾಡಿನಲ್ಲಿ ಮಲಗಿದ್ದಾಗ ನೆಲ ನಡುಗಿತು. ಆಮೇಲೆ ಕನ್ಸೆಪ್ಷನ್ ಪಟ್ಟಣಕ್ಕೆ ಹೋದರೆ ಊರು ಕಲ್ಲಿನ ರಾಶಿ. ಆದರೆ ಅವರಿಬ್ಬರೂ ಇನ್ನೊಂದನ್ನು ಗಮನಿಸಿದರು: ದಂಡೆ ಕೆಲವು ಅಡಿ ಮೇಲೆದ್ದಿತ್ತು. ಸಾಂತಾ ಮರಿಯಾ ದ್ವೀಪದಲ್ಲಿ ಬಂಡೆಗಂಟಿದ ಚಿಪ್ಪುಗಳು ನೀರಿನಿಂದ 10 ಅಡಿ ಮೇಲಕ್ಕೆ ಬಂದು ಕೊಳೆಯುತ್ತಿದ್ದದ್ದನ್ನು ಫಿಟ್ಜ್‌ರಾಯ್ ಅಳೆದರು. ಮುಂದಿನ ತಿಂಗಳು ಆಂಡೀಸ್ ಹತ್ತಿದ ಚಾರ್ಲ್ಸ್‌ಗೆ 13,000 ಅಡಿಯ ಆಸುಪಾಸಿನಲ್ಲಿ ಕಡಲ ಚಿಪ್ಪಿನ ಪಳೆಯುಳಿಕೆ ಸಿಕ್ಕವು. ಲಯೆಲ್ ಅವರ ಭೂವಿಜ್ಞಾನದ ಪುಸ್ತಕದಲ್ಲಿ ಓದಿದ್ದು, ಬೆಟ್ಟಗಳು ಸ್ವಲ್ಪಸ್ವಲ್ಪವಾಗಿ ಏಳುತ್ತವೆ ಅನ್ನೋದು, ಕಾಲಡಿಯಲ್ಲೇ ನಡೆದುಹೋಗಿತ್ತು.

ಪೆಟ್ಟಿಗೆಗಳ ಆ ಕಡೆ

ಸಿಕ್ಕಿದ್ದನ್ನೆಲ್ಲ ಅವನು ಪೆಟ್ಟಿಗೆ, ಪೀಪಾಯಿಗಳಲ್ಲಿ ತುಂಬಿ ಕೇಂಬ್ರಿಡ್ಜಿಗೆ ಕಳಿಸುತ್ತಿದ್ದ. ಆ ಕಡೆ ಹೆನ್ಸ್‌ಲೋ ಒಂದೊಂದನ್ನೂ ಬಿಚ್ಚಿ ನೋಡಿ ಕಾಗದ ಬರೆಯುತ್ತಿದ್ದರು. ಮೊದಲ ವಿಮರ್ಶೆ 1833ರ ಜನವರಿಯದು. ಹೊಗಳಿಕೆಯೂ ಇತ್ತು, ಬೈಗುಳವೂ ಇತ್ತು. ಇಲಿಗಳಿಗೆ ಬೂಷ್ಟು ಹಿಡಿದಿದೆ. ಗಿಡದ ಚೂರುಪಾರು ಕಳಿಸಬೇಡ, ಬೇರು, ಹೂ, ಎಲೆ ಎಲ್ಲ ಇರಲಿ. ಒಂದು ನಂಬರಿನ ಪೊಟ್ಟಣ ಬಿಚ್ಚಿದರೆ ಒಳಗೆ ಬರೀ ಮಸಿ, ಅದೇನಪ್ಪಾ ಅಂತ ತಮಾಷೆ. ಈ ಕಾಗದ ಸಾವಿರಾರು ಮೈಲಿ ದಾಟಿ ತಲುಪಲು ತಿಂಗಳುಗಳೇ ಬೇಕಾದವು. ಅಲ್ಲಿಯವರೆಗೆ ತಾನು ಮಾಡ್ತಿರೋದು ಸರಿಯಾ ತಪ್ಪಾ ಅನ್ನೋ ಅಳುಕು ಅವನಿಗೆ ಇದ್ದೇ ಇತ್ತು.

ನಮ್ಮ ಇಂಟರ್ನ್‌ಶಿಪ್ ರಿಪೋರ್ಟುಗಳನ್ನು ನೆನೆಸಿಕೊಂಡಾಗ ನಮಗೆ ಹೊಟ್ಟೆಕಿಚ್ಚಾಗೋದು ಇಲ್ಲಿ. ಸೀಲು ಹಾಕಿ ಕೊಡುವವರು ಎಲ್ಲೆಡೆ ಸಿಗುತ್ತಾರೆ. ಕಳಿಸಿದ ಪೆಟ್ಟಿಗೆಯನ್ನು ಬಿಚ್ಚಿ, ಇಲಿಗೆ ಬೂಷ್ಟು ಬಂದಿದೆ ಅಂತ ಹೇಳುವ ಒಬ್ಬರು ಸಿಗೋದು ಕಷ್ಟ. 1835ರಲ್ಲಿ ಹೆನ್ಸ್‌ಲೋ ಅವನ ಕಾಗದಗಳ ಭಾಗಗಳನ್ನು ಅಚ್ಚು ಮಾಡಿಸಿ ವಿದ್ವಾಂಸರಿಗೆ ಹಂಚಿದರು. ಹುಡುಗ ಊರಿಗೆ ಬರೋ ಮೊದಲೇ ಅವನ ಹೆಸರು ಬಂದು ಕೂತಿತ್ತು.

ದೊಡ್ಡ ತಪ್ಪು

1835ರ ಸೆಪ್ಟೆಂಬರ್ 15ರಂದು ಬೀಗಲ್ ಗ್ಯಾಲಪಗೋಸ್ ದ್ವೀಪಗಳನ್ನು ಮುಟ್ಟಿತು. ಅಲ್ಲಿದ್ದದ್ದು ಐದು ವಾರ. ಚಾರ್ಲ್ಸ್ ನಾಲ್ಕು ದ್ವೀಪಗಳಲ್ಲಿ ಇಳಿದ. ಕೊಕ್ಕು ನೋಡಿದ, ಥಟ್ಟನೆ ವಿಕಾಸವಾದ ಹೊಳೆಯಿತು ಅಂತ ನಾವೆಲ್ಲ ಕೇಳಿದ್ದೇವೆ. ಆದದ್ದು ಹಾಗಲ್ಲ.

ದ್ವೀಪಗಳ ಉಪ ಗವರ್ನರ್ ಲಾಸನ್ ಒಂದು ಮಾತು ಹೇಳಿದ್ದರು, ದೈತ್ಯ ಆಮೆಯ ಚಿಪ್ಪು ನೋಡಿ ಅದು ಯಾವ ದ್ವೀಪದ್ದು ಅಂತ ಹೇಳಬಲ್ಲೆ ಅಂತ. ಚಾರ್ಲ್ಸ್ ಅದಕ್ಕೆ ಆಗ ಅಷ್ಟು ಬೆಲೆ ಕೊಡಲಿಲ್ಲ. ಕಣ್ಣಳತೆಯ ದೂರದಲ್ಲಿರೋ, ಒಂದೇ ಕಲ್ಲು, ಒಂದೇ ಹವೆಯ ದ್ವೀಪಗಳಲ್ಲಿ ಬೇರೆ ಬೇರೆ ಜೀವಿಗಳಿರಬಹುದು ಅಂತ ಅವನ ತಲೆಗೇ ಬಂದಿರಲಿಲ್ಲ. ಅಷ್ಟರಲ್ಲಿ ಎರಡು ದ್ವೀಪಗಳ ಸಂಗ್ರಹ ಭಾಗಶಃ ಬೆರೆತುಹೋಗಿತ್ತು. ಫಿಂಚ್ ಹಕ್ಕಿಗಳಲ್ಲಿ ಹೆಚ್ಚಿನವಕ್ಕೆ ದ್ವೀಪದ ಹೆಸರಿನ ಲೇಬಲ್ಲೇ ಇರಲಿಲ್ಲ. ಹಡಗಿಗೆ ಹತ್ತಿಸಿಕೊಂಡ ಆಮೆಗಳನ್ನು ದಾರಿಯಲ್ಲಿ ತಿಂದು ಚಿಪ್ಪನ್ನು ಕಡಲಿಗೆ ಎಸೆದರು. ಮಾಕಿಂಗ್‌ಬರ್ಡ್ ಅನ್ನೋ ಹಕ್ಕಿಗಳ ವಿಷಯದಲ್ಲಿ ಮಾತ್ರ, ಎರಡನೇ ದ್ವೀಪದ್ದು ಮೊದಲನೆಯದಕ್ಕಿಂತ ಬೇರೆ ಕಾಣುತ್ತೆ ಅಂತ ಗಮನಿಸಿ, ಅಲ್ಲಿಂದ ಮುಂದೆ ದ್ವೀಪವಾರು ಬೇರೆ ಇಟ್ಟಿದ್ದ. ಉಳಿದದ್ದು ಅದೊಂದೇ ಎಳೆ.

1836ರ ಅಕ್ಟೋಬರ್ 2ರಂದು ಹಡಗು ಇಂಗ್ಲೆಂಡಿಗೆ ಮರಳಿತು. ಸ್ಪಿರಿಟ್ಟಿನಲ್ಲಿಟ್ಟ 1,529 ಮಾದರಿ, ಒಣಗಿಸಿದ 3,907 ಮಾದರಿ, 770 ಪುಟದ ದಿನಚರಿ ಇವನ ಖಾತೆಯಲ್ಲಿದ್ದವು. ಹಕ್ಕಿಗಳನ್ನು ಲಂಡನ್ನಿನ ಜಾನ್ ಗೂಲ್ಡ್ ಅವರಿಗೆ ಒಪ್ಪಿಸಿದ. 1837ರ ಜನವರಿಯಲ್ಲಿ ಗೂಲ್ಡ್ ಹೇಳಿದ್ದು ಕೇಳಿ ಬೆಚ್ಚಿದ. ಇವನು ಬೇರೆ ಬೇರೆ ಕುಲದವು ಅಂದುಕೊಂಡಿದ್ದ ಹಕ್ಕಿಗಳೆಲ್ಲ ಒಂದೇ ಗುಂಪಿನ ಫಿಂಚ್‌ಗಳು, ಹತ್ತಕ್ಕೂ ಹೆಚ್ಚು ಜಾತಿ, ಬೇರೆಲ್ಲೂ ಇಲ್ಲದವು. ಮಾಕಿಂಗ್‌ಬರ್ಡ್‌ಗಳೂ ಮೂರು ಬೇರೆ ಜಾತಿ, ದ್ವೀಪದಿಂದ ದ್ವೀಪಕ್ಕೆ ಬೇರೆ. ಹಾಗಾದರೆ ಫಿಂಚ್‌ಗಳು? ಯಾವುದು ಯಾವ ದ್ವೀಪದ್ದು? ಲೇಬಲ್ ಇಲ್ಲ, ಹಿಂದಿರುಗಿ ಹೋಗೋ ಹಾಗೂ ಇಲ್ಲ.

ನಾವಾಗಿದ್ದರೆ ಏನು ಮಾಡ್ತಿದ್ವಿ? ವೈವಾ ಹಿಂದಿನ ರಾತ್ರಿ ರೀಡಿಂಗ್ ಬಿಟ್ಟುಹೋಗಿರೋದು ಗೊತ್ತಾದಾಗ ಏನು ಮಾಡ್ತೀವೋ ಅದನ್ನೇ ಮಾಡ್ತಿದ್ವೇನೋ. ಗ್ರಾಫಿನಿಂದ ಹಿಮ್ಮುಖವಾಗಿ ಅಂಕಿ ತುಂಬೋದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಚಾರ್ಲ್ಸ್ ಮಾತ್ರ ಹಡಗಿನ ಜೊತೆಗಾರರ ಬಾಗಿಲು ತಟ್ಟಿದ. ಫಿಟ್ಜ್‌ರಾಯ್ ತಮ್ಮ ಹಕ್ಕಿಗಳಿಗೆ ದ್ವೀಪದ ಹೆಸರು ಹಚ್ಚಿದ್ದರು. ಅವರ ಸಹಾಯಕ ಹ್ಯಾರಿ ಫುಲರ್ ಹತ್ತಿರವೂ ಇದ್ದವು. ಡಾರ್ವಿನ್ನನ ಸ್ವಂತ ಸಹಾಯಕ ಸಿಮ್ಸ್ ಕವಿಂಗ್ಟನ್, ಇವನಿಂದಲೇ ಹಕ್ಕಿ ಹೊಡೆಯೋದು, ತೊಗಲು ಬಿಡಿಸೋದು ಕಲಿತವನು, ತನಗಾಗಿ ಇಟ್ಟುಕೊಂಡಿದ್ದ ಕೆಲವು ಹಕ್ಕಿಗಳಿಗೆ ಗುರುವಿಗಿಂತ ಚೆನ್ನಾಗಿ ಗುರುತು ಹಾಕಿಟ್ಟಿದ್ದ. ಅವರೆಲ್ಲರ ಹಕ್ಕಿ ಸೇರಿಸಿ ಆದಷ್ಟನ್ನು ಸರಿ ಮಾಡಿಕೊಂಡ. ತನ್ನ ಪ್ರವಾಸದ ಪುಸ್ತಕದಲ್ಲಿ, ದ್ವೀಪಗಳ ಸಂಗ್ರಹ ಬೆರೆಸಿಬಿಟ್ಟೆ ಅನ್ನೋದನ್ನು ಮುಚ್ಚಿಡದೆ ಅಚ್ಚು ಹಾಕಿಸಿದ.

ಆ ವರ್ಷ ಜುಲೈ ಹೊತ್ತಿಗೆ ಜಾತಿಗಳು ಬದಲಾಗುತ್ತವೆ ಅನ್ನೋದರ ಬಗ್ಗೆಯೇ ಒಂದು ನೋಟ್‌ಬುಕ್ ಶುರುವಾಗಿತ್ತು. ಅದರಲ್ಲಿ ಒಂದು ಪುಟ್ಟ ಕವಲೊಡೆಯುವ ಮರದ ಗೀಚು ಇದೆ. ಅದರ ಬೇರು ಇರೋದು ಈ ಲೇಬಲ್ಲಿನ ತಲೆಬಿಸಿಯಲ್ಲಿ.

ಉಳಿದ ಬದುಕು

ಮುಂದಿನದ್ದು ಎಲ್ಲರಿಗೂ ಗೊತ್ತಿರೋದು, ಬೇಗ ಹೇಳುತ್ತೇವೆ. 1839ರಲ್ಲಿ ಎಮ್ಮಾ ವೆಜ್‌ವುಡ್ ಜೊತೆ ಮದುವೆ. 1842ರಲ್ಲಿ ಡೌನ್ ಅನ್ನೋ ಹಳ್ಳಿಯಲ್ಲಿ ಮನೆ. ಚಿಲಿಯ ಕರಾವಳಿಯಲ್ಲಿ ಸಿಕ್ಕಿದ್ದ ಒಂದು ವಿಚಿತ್ರ ಬಾರ್ನಕಲ್ ಜೀವಿಯನ್ನು ಅರ್ಥ ಮಾಡಿಕೊಳ್ಳಲು ಹೋಗಿ 1846ರಿಂದ 1854ರವರೆಗೆ ಆ ಇಡೀ ಗುಂಪನ್ನೇ ಅಧ್ಯಯನ ಮಾಡಿದ. 1858ರಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಅವರ ಕಾಗದ ಬಂತು, ಇದೇ ಸಿದ್ಧಾಂತ ಅವರಿಗೂ ಹೊಳೆದಿತ್ತು. ಇಬ್ಬರ ಬರಹವನ್ನೂ ಜುಲೈ 1ರಂದು ಲಿನಿಯನ್ ಸೊಸೈಟಿಯಲ್ಲಿ ಓದಲಾಯಿತು. 1859ರ ನವೆಂಬರ್ 24ರಂದು ಜಾತಿಗಳ ಉಗಮದ ಪುಸ್ತಕ ಹೊರಬಂತು. 1882ರ ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯಾಯಿತು.

ಒಂದು ಮಾತು ಹೇಳದೆ ಬಿಟ್ಟರೆ ತಪ್ಪಾಗುತ್ತೆ. ಸಂಬಳವಿಲ್ಲದ ಐದು ವರ್ಷ ಅವನಿಗೆ ಸಾಧ್ಯವಾದದ್ದು ಅಪ್ಪನ ದುಡ್ಡಿನಿಂದ. ವಾಲೇಸ್ 14ಕ್ಕೇ ಶಾಲೆ ಬಿಟ್ಟು, ಅಣ್ಣನ ಜೊತೆ ಚೈನು ಹಿಡಿದು ಜಮೀನು ಸರ್ವೇ ಮಾಡಿ, ಆಮೇಲೆ ಹುಳ, ಹಕ್ಕಿ ಹಿಡಿದು ಮಾರಿ ಅದರಲ್ಲೇ ಹೊಟ್ಟೆ ಹೊರೆಯುತ್ತಾ ಅದೇ ಸತ್ಯಕ್ಕೆ ಬಂದರು. ಎಡ್ಮನ್‌ಸ್ಟನ್ ಅವರಿಗೆ ಎಷ್ಟು ಕೌಶಲವಿದ್ದರೂ ಅಂಥ ಹಡಗಿನಲ್ಲಿ ಕ್ಯಾಪ್ಟನ್ ಪಕ್ಕದ ಕುರ್ಚಿ ಸಿಗುತ್ತಿರಲಿಲ್ಲ. ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ ಯಾರಿಗೆ ಎಟಕುತ್ತೆ, ಯಾರಿಗಿಲ್ಲ ಅನ್ನೋ ಪ್ರಶ್ನೆ ಆಗಲೂ ಇತ್ತು, ನಮ್ಮ ಹಾಸ್ಟೆಲಿನಲ್ಲಿ ಇವತ್ತೂ ಇದೆ.

ಕೊನೆಗೆ ಒಂದು ಸಣ್ಣ ಸಂಗತಿ, ನಮಗೆ ಬಹಳ ಇಷ್ಟವಾದದ್ದು. 1849ರಲ್ಲಿ ಬ್ರಿಟನ್ನಿನ ನೌಕಾಪಡೆ, ಹಡಗಿನಲ್ಲಿ ಹೋಗುವವರು ವಿಜ್ಞಾನದ ಕೆಲಸ ಹೇಗೆ ಮಾಡಬೇಕು ಅನ್ನೋದಕ್ಕೆ ಒಂದು ಕೈಪಿಡಿ ತಂದಿತು. ಅದರಲ್ಲಿ ಭೂವಿಜ್ಞಾನದ ಭಾಗ ಬರೆದವರು ಡಾರ್ವಿನ್. ಪ್ರತಿಯೊಂದು ಮಾದರಿಗೂ ಅಚ್ಚಾದ ನಂಬರ್ ಅಂಟಿಸಿ, ಅದಕ್ಕೇ ಬೇರೆ ಪುಸ್ತಕ ಇಡಿ ಅಂತ ಅಲ್ಲಿ ಹೇಳಿದ್ದಾರೆ. ತಲೆಕೆಳಗು ಮಾಡಿದರೆ ಬೇರೆಯಾಗಿ ಓದಿಸಿಕೊಳ್ಳುವ ನಂಬರುಗಳ ಮುಂದೆ ಒಂದು ಚುಕ್ಕೆ ಇರಲಿ ಅನ್ನೋ ಸೂಚನೆಯೂ ಇದೆ. ಆರು, ಒಂಬತ್ತು ಅದಲುಬದಲಾಗಬಾರದಲ್ಲ! ಹದಿನಾಲ್ಕು ವರ್ಷ ಹಿಂದೆ ಗ್ಯಾಲಪಗೋಸಿನಲ್ಲಿ ಹಕ್ಕಿಗಳಿಗೆ ಲೇಬಲ್ ಹಚ್ಚೋದು ಮರೆತವನು ಬರೆದ ಸಾಲು ಅದು.

ಮುಂದಿನ ವಾರ ನಮ್ಮಲ್ಲಿ ಹಲವರು ಬ್ಯಾಗು ಕಟ್ಟಿಕೊಂಡು ಸೈಟಿಗೋ, ಲ್ಯಾಬಿಗೋ, ಫ್ಯಾಕ್ಟರಿಗೋ ಹೊರಡುತ್ತೇವೆ. ಬ್ಯಾಗಿನಲ್ಲಿ ಒಂದು ನೋಟ್‌ಬುಕ್, ಒಂದು ಪೆನ್ನು ಇರಲಿ. ತಾರೀಕು ಬರೆಯಿರಿ, ಜಾಗ ಬರೆಯಿರಿ. ಬಿಟ್ಟುಹೋದದ್ದನ್ನು ಬಿಟ್ಟುಹೋಗಿದೆ ಅಂತಲೇ ಬರೆಯಿರಿ. ವಾಪಸ್ ಬಂದ ಮೇಲೆ ನಿಮ್ಮ ಪೆಟ್ಟಿಗೆ ಬಿಚ್ಚಿ ನೋಡೋಕೆ ಯಾರೂ ಸಿಗದಿದ್ದರೆ, ಗುರುವಾರ ಸಂಜೆ ಕನ್ನಡ ಸಂಘದ ಕೋಣೆಗೆ ಬನ್ನಿ. ನಾವು ಹೆನ್ಸ್‌ಲೋ ಅಲ್ಲ, ಆದರೆ ಬೂಷ್ಟು ಹಿಡಿದಿದ್ದರೆ ಖಂಡಿತ ಹೇಳ್ತೀವಿ.